ಬರ್ಕಂಡ್ ಹೋದೋರು ಮತ್ತೆ ಬರ್ಲಿಲ್ಲ: ವಿಶ್ವವಿದ್ಯಾಲಯಗಳೂ ನಮ್ಮೂರಿನ ಲೆಕ್ಕವೂ

ಈ ಸಲ ದೀಪಾವಳಿಗೆ ಬಾದನಹಟ್ಟಿಗೆ ಹೋದಾಗ ಅಟ್ಟದ ಮೇಲಿದ್ದ ಅಜ್ಜಿಯ ಟ್ರಂಕು ಇಳಿಸಿದೆವು. ಒಳಗೆ ಎರಡು ಇಳಕಲ್ ಸೀರೆ, ಒಂದು ಕೈಕನ್ನಡಿ, ಸುಣ್ಣದ ಡಬ್ಬಿ, ಎಲೆ ಅಡಿಕೆ ಚೀಲ. ಆ ಚೀಲದ ಮೂಲೆಯಲ್ಲಿ ನಾಲ್ಕಾರು ಮಡಿಕೆ ಮಾಡಿಟ್ಟ ಒಂದು ಚೀಟಿ. ಬಿಡಿಸಿದರೆ ಮಡಿಕೆ ಮಡಿಕೆಗೂ ಹರಿಯಿತು. ಮೇಲಿದ್ದ ಅಕ್ಷರಗಳೆಲ್ಲ ಅಳಿಸಿ ನೀಲಿ ಕಲೆ ಮಾತ್ರ ಉಳಿದಿದೆ. ಆದರೂ ಅದೇನು ಅಂತ ನನಗೆ ಗೊತ್ತು. ಅದೊಂದು ವಿಳಾಸ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಬ್ಬ ಹುಡುಗ ಹೆಗಲಿಗೆ ಟೇಪ್ ರೆಕಾರ್ಡರ್ ನೇತುಹಾಕಿಕೊಂಡು ನಮ್ಮೂರಿಗೆ ಬಂದಿದ್ದ. ಯಾವುದೋ ವಿಶ್ವವಿದ್ಯಾಲಯದಲ್ಲಿ ಜಾನಪದದ ಮೇಲೆ ಪಿಎಚ್.ಡಿ. ಮಾಡುತ್ತಿದ್ದನಂತೆ. ನಮ್ಮಜ್ಜಿ ಬೀಸುವ ಪದ, ಸೋಬಾನೆ ಪದ, ಮೊಹರಂ ಬಂದರೆ ಅಲಾಯಿ ಪದ ಎಲ್ಲಾ ಹೇಳುತ್ತಿದ್ದಳು. ಎರಡು ದಿನ ನಮ್ಮ ಪಡಸಾಲೆಯಲ್ಲೇ ಕೂತು ಅವಳಿಂದ ಹಾಡಿಸಿಕೊಂಡ. ರೊಟ್ಟಿ ತಿಂದ, ಕ್ಯಾಸೆಟ್ ತಿರುವಿ ತಿರುವಿ ಹಾಕಿದ. ಹೋಗುವಾಗ "ಅಜ್ಜೀ, ಪುಸ್ತಕ ಆದಮ್ಯಾಲೆ ನಾನೇ ತಂದು ಕೊಡ್ತೀನಿ, ಇದು ನನ್ನ ವಿಳಾಸ" ಅಂತ ಚೀಟಿ ಬರೆದುಕೊಟ್ಟ. ಓದು ಬರದ ಅಜ್ಜಿ ಅದನ್ನು ಅಡಿಕೆ ಚೀಲದಲ್ಲಿಟ್ಟುಕೊಂಡಳು.

ಅವನು ಬರಲಿಲ್ಲ. ಪುಸ್ತಕವೂ ಬರಲಿಲ್ಲ. ನಾನು ಕಾಲೇಜಿಗೆ ಸೇರಿದ ಮೇಲೆ ರಜೆಗೆ ಹೋದಾಗಲೆಲ್ಲ ಅಜ್ಜಿ ಕೇಳುತ್ತಿದ್ದಳು, "ಯಪ್ಪಾ, ಬರ್ಕಂಡ್ ಹೋದ್ನಲ್ಲ ಆ ಹುಡುಗ, ಏನಾತಂತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅಜ್ಜಿ ಹೋಗಿ ಹದಿನೈದು ವರ್ಷ ಆಯ್ತು. ಅವಳ ದನಿ ಇರುವ ಕ್ಯಾಸೆಟ್ಟು ಯಾವ ಕಪಾಟಿನಲ್ಲಿದೆಯೋ ದೇವರಿಗೇ ಗೊತ್ತು.

ಯಾವ ವಿಶ್ವವಿದ್ಯಾಲಯ ಅಂತ ಹೇಳೋದಿಲ್ಲ. ಒಂದರ ಮೇಲೆ ದೂರು ಹಾಕೋದು ನನ್ನ ಉದ್ದೇಶ ಅಲ್ಲ. ಆದರೆ ಆ ಚೀಟಿ ನೋಡಿದಾಗಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ: ವಿಶ್ವವಿದ್ಯಾಲಯ ಅನ್ನೋದು ಬಾದನಹಟ್ಟಿಯಂಥ ಊರಿಗೆ ಏನಾಗಬೇಕು? ಸಾಮಾಜಿಕ ಜವಾಬ್ದಾರಿ ಅಂತ ಭಾಷಣಗಳಲ್ಲಿ ಕೇಳ್ತೀವಲ್ಲ, ಅದು ದಾನವೋ, ಸಾಲವೋ? ಉತ್ತರ ಹುಡುಕೋಣ ಅಂತ ಸ್ವಲ್ಪ ಇತಿಹಾಸ ಕೆದಕಿದೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಬಾದನಹಟ್ಟಿ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕುರುಗೋಡಿನ ಹತ್ತಿರದ ಊರು. ಮೊದಲು ಬಳ್ಳಾರಿ ತಾಲ್ಲೂಕಿನಲ್ಲಿತ್ತು, ಈಗ ಕುರುಗೋಡೇ ತಾಲ್ಲೂಕು ಕೇಂದ್ರ. ಎರೆಭೂಮಿ, ತುಂಗಭದ್ರೆಯ ಕಾಲುವೆ ನೀರು, ಭತ್ತ, ಮೆಣಸಿನಕಾಯಿ, ಹತ್ತಿ. ಕುರುಗೋಡು ಅಂದರೆ ದೊಡ್ಡಬಸವೇಶ್ವರ. ಇತಿಹಾಸ ಓದಿದವರಿಗೆ ಹನ್ನೆರಡನೇ ಶತಮಾನದ ಕುರುಗೋಡು ಸಿಂದರು. ಇಲ್ಲಿಂದ ಉತ್ತರಕ್ಕೆ ಹೋದರೆ ಸಿರುಗುಪ್ಪ, ದಕ್ಷಿಣಕ್ಕೆ ಬಂದರೆ ಬಳ್ಳಾರಿ.

ಬ್ರಿಟಿಷರ ಕಾಲದಲ್ಲಿ ಈ ಸೀಮೆಯೆಲ್ಲ ಮದರಾಸ್ ಪ್ರಾಂತಕ್ಕೆ ಸೇರಿತ್ತು. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದವು. ಮೂರೂ ಲಂಡನ್ ವಿಶ್ವವಿದ್ಯಾಲಯದ ಅಚ್ಚಿನವು. ಅಂದರೆ ಅವು ಪಾಠ ಹೇಳುತ್ತಿರಲಿಲ್ಲ. ಪಾಠ ಹೇಳುವುದು ಕಾಲೇಜುಗಳ ಕೆಲಸ, ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾಲಯದ ಕೆಲಸ. ಸರ್ಕಾರಕ್ಕೆ ಬೇಕಿದ್ದದ್ದು ಇಂಗ್ಲಿಷ್ ಬಲ್ಲ ಗುಮಾಸ್ತರು, ಮುನ್ಸೀಫರು, ವಕೀಲರು. ಹಳ್ಳಿಗೂ ಇದಕ್ಕೂ ಇದ್ದ ಸಂಬಂಧ ಒಂದೇ: ಹಳ್ಳಿಯಿಂದ ಕಂದಾಯ ಹೋಗುತ್ತಿತ್ತು, ಅಲ್ಲಿಂದ ಕಂದಾಯ ವಸೂಲಿ ಮಾಡುವ ಗ್ರಾಜುಯೇಟ್ ಬರುತ್ತಿದ್ದ!

ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘ ಶುರುವಾದದ್ದು 1916ರಲ್ಲಿ. ಅದೇ ಸಂಘದ ವೀರಶೈವ ಕಾಲೇಜು ಬಂದದ್ದು 1945ರಲ್ಲಿ, ಮದರಾಸ್ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಾಗಿ. ಅಂದರೆ ಮದರಾಸ್ ವಿಶ್ವವಿದ್ಯಾಲಯ ಹುಟ್ಟಿ 88 ವರ್ಷ ಆದ ಮೇಲೆ. ಅದನ್ನು ಕಟ್ಟಿದ್ದೂ ಸರ್ಕಾರ ಅಲ್ಲ, ಊರವರ ದೇಣಿಗೆ ಮತ್ತು ಸಮುದಾಯದ ಸಂಘ. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆಮೇಲೆ ನಮ್ಮ ಕಾಲೇಜುಗಳ ವಿಳಾಸ ಬದಲಾಗುತ್ತಾ ಹೋಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, 1980ರಿಂದ ಗುಲ್ಬರ್ಗ ವಿಶ್ವವಿದ್ಯಾಲಯ, 2010ರಿಂದ ಬಳ್ಳಾರಿಯದೇ ಆದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ನೂರೈವತ್ತು ವರ್ಷದಲ್ಲಿ ವಿಶ್ವವಿದ್ಯಾಲಯ ಮದರಾಸಿನ ಕಡಲ ತಡಿಯಿಂದ ನಮ್ಮ ಬಸ್ ಸ್ಟ್ಯಾಂಡಿನ ಹತ್ತಿರಕ್ಕೆ ಬಂತು. ನಮ್ಮೂರಿನ ಹೆಣ್ಣುಮಕ್ಕಳು ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಎಂ.ಎ. ಓದಿ ಸಂಜೆ ಮನೆಗೆ ಬರುವಂತಾಯಿತು. ಇದು ಸಣ್ಣ ಮಾತಲ್ಲ. ದೂರ ಕಡಿಮೆ ಆದದ್ದೇ ಒಂದು ಸಾಮಾಜಿಕ ನ್ಯಾಯ.

ಆದರೆ ದೂರ ಕಡಿಮೆ ಆದ ಮಾತ್ರಕ್ಕೆ ಸಂಬಂಧ ಬೆಳೆಯಿತೇ?

ಇದಕ್ಕೆ ಇನ್ನೊಂದು ದಾರಿಯ ಕತೆ ಹೇಳಬೇಕು. ಪರೀಕ್ಷೆ ನಡೆಸುವುದಷ್ಟೇ ವಿಶ್ವವಿದ್ಯಾಲಯದ ಕೆಲಸ ಅಲ್ಲ ಅನ್ನುವ ವಿಚಾರವೂ ಹತ್ತೊಂಬತ್ತನೇ ಶತಮಾನದ್ದೇ. ಅಮೆರಿಕದಲ್ಲಿ 1862ರಲ್ಲಿ ಮೊರಿಲ್ ಕಾಯ್ದೆ ಬಂತು. ಸರ್ಕಾರಿ ಭೂಮಿಯನ್ನು ರಾಜ್ಯಗಳಿಗೆ ಕೊಟ್ಟು, ಅದರ ಹಣದಿಂದ ಬೇಸಾಯ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜು ಕಟ್ಟಿ ಅಂತ ಹೇಳಿತು. ರೈತನ ಮಗನಿಗೆ ಕಾಲೇಜಿನ ಬಾಗಿಲು ತೆರೆಯಿತು. (ಆ ಭೂಮಿಯಲ್ಲಿ ಬಹುಪಾಲು ಅಲ್ಲಿನ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು ಅನ್ನುವುದನ್ನೂ ಮರೆಯಬಾರದು. ಅಲ್ಲೂ ಒಂದು ತೀರದ ಸಾಲ ಇದೆ.) ಇಂಗ್ಲೆಂಡಿನ ಕೇಂಬ್ರಿಜ್ 1873ರಲ್ಲಿ ತನ್ನ ಅಧ್ಯಾಪಕರನ್ನು ಬೇರೆ ಬೇರೆ ಊರುಗಳಿಗೆ ಕಳಿಸಿ, ಕಾಲೇಜಿಗೆ ಬರಲಾಗದವರಿಗೆ ಉಪನ್ಯಾಸ ಕೊಡಿಸಲು ಶುರು ಮಾಡಿತು. ವಿಸ್ತರಣ ಉಪನ್ಯಾಸ ಅನ್ನುವ ಪದ ಬಂದದ್ದು ಅಲ್ಲಿಂದ.

ನಮ್ಮಲ್ಲಿ ಈ ಗಾಳಿ ಮೊದಲು ಬೀಸಿದ್ದು ಮೈಸೂರಿನಲ್ಲಿ. 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾಲಯ ಆರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿ, ಸರ್ ಎಂ. ವಿಶ್ವೇಶ್ವರಯ್ಯ ದಿವಾನರು, ಎಚ್.ವಿ. ನಂಜುಂಡಯ್ಯ ಮೊದಲ ಕುಲಪತಿ. ಅಲ್ಲಿಯವರೆಗೆ ಮೈಸೂರಿನ ಮಕ್ಕಳೂ ಮದರಾಸಿನ ಪರೀಕ್ಷೆಯನ್ನೇ ಬರೆಯುತ್ತಿದ್ದರು. ದೇಶೀ ಸಂಸ್ಥಾನವೊಂದು ಸ್ವಂತ ವಿಶ್ವವಿದ್ಯಾಲಯ ಕಟ್ಟಿಕೊಂಡದ್ದು ಅದೇ ಮೊದಲು. 1930ರ ದಶಕದಲ್ಲಿ ಈ ವಿಶ್ವವಿದ್ಯಾಲಯದ ಪ್ರೊಫೆಸರುಗಳು ಊರೂರಿಗೆ ಹೋಗಿ ಕನ್ನಡದಲ್ಲಿ ಭಾಷಣ ಮಾಡುತ್ತಿದ್ದರು. ಆ ಭಾಷಣಗಳು ಪ್ರಚಾರ ಪುಸ್ತಕಮಾಲೆ ಅಂತ ಸಣ್ಣ ಪುಸ್ತಕಗಳಾಗಿ ಅಚ್ಚಾಗುತ್ತಿದ್ದವು. ವಿಜ್ಞಾನ, ಆರೋಗ್ಯ, ಚರಿತ್ರೆ, ಎಲ್ಲಾ ಕನ್ನಡದಲ್ಲಿ. 1946ರಲ್ಲಿ ಅದೇ ವಿಶ್ವವಿದ್ಯಾಲಯದಿಂದ ಇಂಗ್ಲಿಷ್-ಕನ್ನಡ ನಿಘಂಟು ಬಂತು. ಕುವೆಂಪು 1956ರಿಂದ 1960ರವರೆಗೆ ಕುಲಪತಿಯಾಗಿದ್ದರು. ಕನ್ನಡದಲ್ಲೇ ಕಾಲೇಜು ಪಾಠ ಆಗಬೇಕು ಅಂತ ಹಟ ಹಿಡಿದವರು ಅವರು. 1969ರಲ್ಲಿ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಹೊರಬಂತು.

ಧಾರವಾಡದ ಕತೆಯೂ ಹಾಗೆಯೇ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಶುರುವಾಗಿ 1950ರಲ್ಲಿ ಧಾರವಾಡಕ್ಕೆ ಬಂತು. ಅದರ ಪ್ರಸಾರಾಂಗವನ್ನು 1956ರಿಂದ 1983ರವರೆಗೆ ನೋಡಿಕೊಂಡವರು ಕವಿ ಚೆನ್ನವೀರ ಕಣವಿ. ಆಗ ಬಂದ ಉಪನ್ಯಾಸ ಗ್ರಂಥಮಾಲೆಯ ತೆಳ್ಳಗಿನ ಪುಸ್ತಕಗಳನ್ನು ನಿಮ್ಮಲ್ಲಿ ಎಷ್ಟೋ ಜನ ಊರಿನ ಗ್ರಂಥಾಲಯದಲ್ಲಿ ನೋಡಿರುತ್ತೀರಿ. ಒಬ್ಬ ಪ್ರಾಧ್ಯಾಪಕ ಒಂದು ವಿಷಯ ಹಿಡಿದು ನಾಲ್ಕು ಜನರಿಗೆ ತಿಳಿಯುವಂತೆ ಮಾತಾಡಿದ್ದು, ಅದೇ ಪುಸ್ತಕ, ಜೇಬಿಗೆ ಭಾರ ಆಗದ ಬೆಲೆ. ನಮ್ಮ ಮನೆಯಲ್ಲೂ ಅಂಥ ಎರಡು ಮೂರು ಇದ್ದವು. ಹೈಸ್ಕೂಲಿನ ಕನ್ನಡ ಮೇಷ್ಟ್ರು ಅಪ್ಪನಿಗೆ ಕೊಟ್ಟದ್ದು. ನನ್ನ ಮಟ್ಟಿಗೆ ವಿಶ್ವವಿದ್ಯಾಲಯ ಅನ್ನುವ ಶಬ್ದ ಮೊದಲು ಕಣ್ಣಿಗೆ ಬಿದ್ದದ್ದೇ ಆ ಪುಸ್ತಕಗಳ ರಟ್ಟಿನ ಮೇಲೆ.

ಈ ಪುಸ್ತಕಗಳನ್ನು ಯಾಕೆ ನೆನಪಿಸಿಕೊಂಡೆ ಅಂದರೆ, ಅವುಗಳಲ್ಲಿ ದಾನದ ಭಾವ ಇರಲಿಲ್ಲ. ಜನರ ದುಡ್ಡಿನಲ್ಲಿ ಕಲಿತದ್ದನ್ನು ಜನರ ಭಾಷೆಯಲ್ಲಿ ಒಪ್ಪಿಸಬೇಕು ಅನ್ನುವ ಲೆಕ್ಕ ಇತ್ತು. ನಮ್ಮೂರಿನವರು ಬೆಂಕಿಪೊಟ್ಟಣ ಕೊಂಡರೂ ತೆರಿಗೆ ಕಟ್ಟುತ್ತಾರೆ. ಅದರಲ್ಲಿ ಒಂದು ಪಾಲು ಪ್ರೊಫೆಸರರ ಸಂಬಳ, ಲ್ಯಾಬಿನ ಸಾಮಾನು, ಹಾಸ್ಟೆಲಿನ ಅನ್ನ. ಹಾಗಾಗಿ ನಾನು ಇದನ್ನು ಸಾಲ ಅಂತಲೇ ಕರೆಯುತ್ತೇನೆ.

ಈ ಸಾಲ ಚೆನ್ನಾಗಿ ತೀರಿದ ಜಾಗವೂ ನಮ್ಮ ಕಡೆ ಇದೆ. ಅದು ಹೊಲ. ಬಳ್ಳಾರಿ ಹತ್ತಿರದ ಹಗರಿಯಲ್ಲಿ 1906ರಲ್ಲೇ ಮದರಾಸ್ ಸರ್ಕಾರ ಕೃಷಿ ಸಂಶೋಧನಾ ಕೇಂದ್ರ ತೆರೆದಿತ್ತು. ಜೋಳ, ಹತ್ತಿ, ಮಳೆಯಾಶ್ರಿತ ಬೇಸಾಯ ಅಲ್ಲಿನ ವಿಷಯ. 1930ರ ದಶಕದಲ್ಲಿ ಒಣಬೇಸಾಯದ ಬಗ್ಗೆ ದೇಶದಲ್ಲಿ ಐದು ಕಡೆ ಪ್ರಯೋಗ ನಡೆದವು: ಸೊಲ್ಲಾಪುರ, ಬಿಜಾಪುರ, ರಾಯಚೂರು, ರೋಹ್ಟಕ್ ಮತ್ತು ನಮ್ಮ ಹಗರಿ. ಸಿರುಗುಪ್ಪದಲ್ಲೂ ಸಂಶೋಧನಾ ಕೇಂದ್ರ ಬಂತು; ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಮೊದಲೇ, ಈ ಎರೆಭೂಮಿಗೆ ನೀರು ಹಾಯಿಸಿದರೆ ಏನಾಗುತ್ತದೆ ಅಂತ ನೋಡುವುದಕ್ಕೆ. ಆಮೇಲೆ ಅಮೆರಿಕದ ಆ ಭೂದಾನ ಕಾಲೇಜುಗಳ ಮಾದರಿಯಲ್ಲೇ 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹುಟ್ಟಿತು. 1986ರಲ್ಲಿ ಧಾರವಾಡದ್ದು, 2008ರಲ್ಲಿ ರಾಯಚೂರಿನದ್ದು ಬಂದವು. ಹಗರಿ, ಸಿರುಗುಪ್ಪ ಎರಡೂ ಈಗ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೈಕೆಳಗೆ ಇವೆ.

ಕೃಷಿ ವಿಶ್ವವಿದ್ಯಾಲಯಗಳ ಕಾಯ್ದೆಯಲ್ಲೇ ಮೂರು ಕೆಲಸ ಬರೆದಿದೆ: ಪಾಠ, ಸಂಶೋಧನೆ, ವಿಸ್ತರಣೆ. ಮೂರನೆಯದು ಐಚ್ಛಿಕ ಅಲ್ಲ. ಇದರ ಫಲ ನೋಡಬೇಕಾದರೆ ನಮ್ಮೂರಿನ ಗದ್ದೆಗೆ ಬನ್ನಿ. ನಮ್ಮ ಭಾಗದಲ್ಲಿ ರೈತರು ಬಿಪಿಟಿ ಅಂತ ಕರೆಯುವ ಭತ್ತ, ಬಿಪಿಟಿ 5204, ಆಂಧ್ರದ ಬಾಪಟ್ಲ ಸಂಶೋಧನಾ ಕೇಂದ್ರದಿಂದ 1986ರಲ್ಲಿ ಹೊರಬಂದದ್ದು. ಬಿಪಿಟಿ ಅಂದರೆ ಬಾಪಟ್ಲವೇ. ಅದರ ವಂಶವೃಕ್ಷದಲ್ಲಿ ಕೊಯಮತ್ತೂರಿನ ಜಿಇಬಿ 24 ಇದೆ, ತೈವಾನಿನ ಟಿಎನ್ 1 ಇದೆ, ಮಲೇಷ್ಯಾ ಕಡೆಯ ಮಸೂರಿ ಇದೆ. ನೀವು ಬೆಂಗಳೂರಿನಲ್ಲಿ ಕೂತು ಸೋನಾ ಮಸೂರಿ ಅಂತ ಕೊಳ್ಳುವ ಅಕ್ಕಿಯಲ್ಲಿ ಬಹಳಷ್ಟು ಇದೇ. ಒಂದು ವಿಶ್ವವಿದ್ಯಾಲಯ ಯಾವ ಭಾಷಣವನ್ನೂ ಮಾಡದೆ ಲಕ್ಷಾಂತರ ಮನೆಯ ಅಡುಗೆ ಬದಲಾಯಿಸಿತು ನೋಡಿ!

ಆದರೆ ಅದೇ ಹೊಲದಲ್ಲಿ ಸಾಲ ತೀರದ ಮೂಲೆಯೂ ಇದೆ. ತುಂಗಭದ್ರಾ ಯೋಜನೆ ಮಾಡುವಾಗ ಈ ಎರೆಭೂಮಿಗೆಲ್ಲ ಭತ್ತ ಹಾಕಿಸುವ ಲೆಕ್ಕ ಇರಲಿಲ್ಲ. ಜೋಳ, ಹತ್ತಿ, ಶೇಂಗಾಕ್ಕೆ ಅಷ್ಟಷ್ಟೇ ನೀರು ಕೊಟ್ಟು ಹೆಚ್ಚು ಊರುಗಳನ್ನು ಬರದಿಂದ ಉಳಿಸಬೇಕು ಅನ್ನುವುದು ಲೆಕ್ಕ. 1953ರಲ್ಲಿ ನೀರು ಹರಿಯಲು ಶುರುವಾಯಿತು. ಕಾಲುವೆಯ ಮೇಲ್ಭಾಗದವರು ಭತ್ತ ಹಾಕಿದರು, ಕೊನೆಭಾಗದವರಿಗೆ ನೀರು ಮುಟ್ಟಲಿಲ್ಲ. ನೀರು ನಿಂತ ಕಡೆ ನೆಲ ಸವುಳು ಜವುಳು ಆಯಿತು. ಎರೆಮಣ್ಣಿಗೆ ನೀರು ಹೆಚ್ಚಾದರೆ ಉಪ್ಪು ಮೇಲೆ ಬರುತ್ತದೆ ಅನ್ನುವುದು ಮಣ್ಣಿನ ವಿಜ್ಞಾನಿಗಳಿಗೆ ಗೊತ್ತಿತ್ತು. ಇಂಗ್ಲಿಷ್ ವರದಿಗಳಲ್ಲಿ ಬರೆದೂ ಇತ್ತು. ರೈತನ ಬದುವಿಗೆ ಆ ಮಾತು ಬೇಕಾದ ಹೊತ್ತಿಗೆ, ಬೇಕಾದ ಗಟ್ಟಿ ದನಿಯಲ್ಲಿ ಬರಲಿಲ್ಲ. ಬೀಜ ಊರಿಗೆ ಬಂತು, ಎಚ್ಚರಿಕೆ ಬರಲಿಲ್ಲ. ನನಗನ್ನಿಸುವ ಮಟ್ಟಿಗೆ ವಿಶ್ವವಿದ್ಯಾಲಯದ ಜವಾಬ್ದಾರಿಯಲ್ಲಿ ಅತಿ ಕಷ್ಟದ ಭಾಗ ಇದೇ: ಜನಕ್ಕೆ ಬೇಡವಾದ ಸತ್ಯವನ್ನೂ, ಸರ್ಕಾರಕ್ಕೆ ಬೇಡವಾದ ಸತ್ಯವನ್ನೂ ಹೇಳುವುದು.

ಬಳ್ಳಾರಿಯಲ್ಲಿ ಇದಕ್ಕೆ ಇನ್ನೂ ದೊಡ್ಡ ಉದಾಹರಣೆ ಗಣಿ. ಕಬ್ಬಿಣದ ಅದಿರಿನ ಆ ಹತ್ತು ವರ್ಷಗಳ ಧೂಳು ನಮ್ಮ ರಸ್ತೆಗಳಲ್ಲಿ ಕಂಡವರಿಗೆ ಹೇಳಬೇಕಾಗಿಲ್ಲ. ಸತ್ಯ ಹೊರಗೆ ಬಂದದ್ದು 2008 ಮತ್ತು 2011ರ ಲೋಕಾಯುಕ್ತ ವರದಿಗಳಿಂದ, ಸುಪ್ರೀಂ ಕೋರ್ಟಿಗೆ ಹೋದ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದಿಂದ. 2011ರ ಜುಲೈನಲ್ಲಿ ಕೋರ್ಟು ಗಣಿಗಾರಿಕೆ ನಿಲ್ಲಿಸಿತು. ಪರಿಸರಕ್ಕೆ ಆದ ಹಾನಿಯನ್ನು ಅಳೆಯಲು ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತನ್ನು ಕರೆಸಬೇಕಾಯಿತು. ಬಳ್ಳಾರಿಯ ಸ್ವಂತ ವಿಶ್ವವಿದ್ಯಾಲಯಕ್ಕೆ ಆಗ ವಯಸ್ಸು ಒಂದೇ ವರ್ಷ, ಅದನ್ನು ದೂರುವುದು ತಪ್ಪು. ಆದರೆ ನೂರೈವತ್ತು ವರ್ಷಗಳ ವಿಶ್ವವಿದ್ಯಾಲಯದ ಇತಿಹಾಸ ಇದ್ದೂ, ನಮ್ಮ ಜಿಲ್ಲೆಯ ಬೆಟ್ಟಗಳ ಲೆಕ್ಕ ಹಾಕಲು ಹಿಮಾಲಯದ ಬುಡದಿಂದ ಜನ ಬರಬೇಕಾಯಿತಲ್ಲ ಅನ್ನುವುದು ಮನಸ್ಸಿಗೆ ಚುಚ್ಚುತ್ತದೆ.

ಈಗ ಅಜ್ಜಿಯ ಕ್ಯಾಸೆಟ್ಟಿಗೆ ವಾಪಸ್ ಬರುತ್ತೇನೆ.

ನಮ್ಮ ಸೀಮೆಯಿಂದ ಬರೆದುಕೊಂಡು ಹೋದವರು ಆ ಹುಡುಗನಿಗಿಂತ ಮೊದಲೂ ಇದ್ದರು. ಕುರುಗೋಡಿನ ಸಿಂದರ ಶಾಸನಗಳನ್ನು ಲಂಡನ್ನಿನ ವಿದ್ವಾಂಸ ಎಲ್.ಡಿ. ಬಾರ್ನೆಟ್ ಇಂಗ್ಲಿಷ್ ಅನುವಾದದ ಜೊತೆಗೆ ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದರು. 1939ರಲ್ಲಿ ಮದರಾಸ್ ಪ್ರಾಂತದ ಕನ್ನಡ ಶಾಸನಗಳ ದೊಡ್ಡ ಸಂಪುಟ ಬಂತು. ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂದ ಬಿ. ಸುಬ್ಬರಾವ್ ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಅಗೆದು, 1948ರಲ್ಲಿ ಬಳ್ಳಾರಿಯ ಶಿಲಾಯುಗದ ಬಗ್ಗೆ ಗ್ರಂಥ ಬರೆದರು. ಅದೇ ಸಂಸ್ಥೆಯ ಪರವಾಗಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರಾ 1963-64ರಲ್ಲಿ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿ ಉತ್ಖನನ ಮಾಡಿ 1965ರಲ್ಲಿ ಪುಸ್ತಕ ತಂದರು. ಎಲ್ಲವೂ ಒಳ್ಳೆಯ ಕೆಲಸವೇ. ಎಲ್ಲವೂ ಇಂಗ್ಲಿಷಿನಲ್ಲೇ. ತೆಕ್ಕಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ನಿಂತು "ನಾಕು ಸಾವಿರ ವರ್ಷದ ಹಿಂದೆ ಈ ಗುಡ್ಡದಾಗ ಗುಡಿಸಲು ಹಾಕ್ಕಂಡು ದನ ಕಾಯ್ತಿದ್ರಂತೆ" ಅಂದರೆ ಎಷ್ಟು ಜನ ಹೂಂ ಅಂತಾರೆ, ನೀವೇ ಯೋಚಿಸಿ.

ಆದರೆ ಹಿಂದಕ್ಕೆ ತಂದುಕೊಟ್ಟವರೂ ಇದ್ದಾರೆ. ಅದನ್ನೂ ಹೇಳದಿದ್ದರೆ ಈ ಲೆಕ್ಕ ಸುಳ್ಳಾಗುತ್ತದೆ.

ಸಂಗನಕಲ್ಲಿನಲ್ಲಿ ಆಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರವಿ ಕೋರಿಶೆಟ್ಟರ್. ಇಂಗ್ಲೆಂಡಿನ ನಿಕೋಲ್ ಬೊಯ್ವಿನ್, ಡೋರಿಯನ್ ಫುಲ್ಲರ್ ಮುಂತಾದವರೂ ಜೊತೆಗಿದ್ದರು. ಹುರುಳಿ, ಹೆಸರು, ಕೊರಲೆಯಂಥ ನಮ್ಮ ಕಾಳುಕಡಿಗಳು ಎಷ್ಟು ಹಳೆಯವು ಅನ್ನುವುದು ಸುಟ್ಟ ಬೀಜಗಳಿಂದ ತಿಳಿದದ್ದು ಇಂಥ ಕೆಲಸದಿಂದ. ಅತ್ತ ಕಲ್ಲು ಕ್ವಾರಿಯವರು ಅದೇ ಗುಡ್ಡಗಳನ್ನು ಒಡೆಯುತ್ತಿದ್ದರು. ಕೋರಿಶೆಟ್ಟರ್ ಪ್ರಬಂಧ ಬರೆದು ಸುಮ್ಮನಾಗಲಿಲ್ಲ. ಜಿಲ್ಲಾಡಳಿತವನ್ನು ಒಪ್ಪಿಸಿ ಬಳ್ಳಾರಿ ನಗರದಲ್ಲೇ ವಸ್ತುಸಂಗ್ರಹಾಲಯ ಆಗುವಂತೆ ಮಾಡಿದರು. ಈ ಸೀಮೆಯ ಪ್ರಾಗಿತಿಹಾಸವನ್ನು ಮೊದಲು ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ ಅವರ ಹೆಸರನ್ನೇ ಅದಕ್ಕೆ ಇಟ್ಟಿದೆ. ಇವತ್ತು ನಮ್ಮೂರ ಶಾಲೆಯ ಮಕ್ಕಳು ಬಸ್ಸಿನಲ್ಲಿ ಹೋಗಿ ತಮ್ಮ ಸೀಮೆಯ ಕಲ್ಲುಗೊಡಲಿಯನ್ನು ಗಾಜಿನ ಆಚೆ ನೋಡಬಹುದು. ಪುಣೆಗೋ ಲಂಡನ್ನಿಗೋ ಹೋಗಬೇಕಿಲ್ಲ. ಒಯ್ದದ್ದನ್ನು ಹಿಂತಿರುಗಿಸುವುದು ಅಂದರೆ ಇದು.

ಎರಡನೆಯದು ಹಂಪಿ ಕನ್ನಡ ವಿಶ್ವವಿದ್ಯಾಲಯ. 1991ರಲ್ಲಿ ಶುರುವಾದಾಗ ಅದು ಬಳ್ಳಾರಿ ಜಿಲ್ಲೆಯಲ್ಲಿತ್ತು, 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಅಲ್ಲಿಗೆ ಸೇರಿತು. ಚಂದ್ರಶೇಖರ ಕಂಬಾರರು ಮೊದಲ ಕುಲಪತಿ. ಕಾಲೇಜುಗಳ ಪರೀಕ್ಷೆ ನಡೆಸುವ ಹೊರೆ ಇಲ್ಲದ, ಸಂಶೋಧನೆಗೇ ಮೀಸಲಾದ ವಿಶ್ವವಿದ್ಯಾಲಯ ಅದು. 1857ರ ಅಚ್ಚನ್ನು ಬೇಕಂತಲೇ ಒಡೆದದ್ದು. ಅದರ ಶಾಸನ ಸಂಪುಟಗಳಲ್ಲಿ ಮೊದಲನೆಯದೇ ಬಳ್ಳಾರಿ ಜಿಲ್ಲೆಯದು, 1998ರಲ್ಲಿ ಬಂತು. ಅಂದರೆ ಎಪಿಗ್ರಾಫಿಯಾ ಇಂಡಿಕಾದಲ್ಲಿ ಕುಳಿತಿದ್ದಂಥ ನಮ್ಮ ಕಲ್ಲಿನ ಅಕ್ಷರಗಳು ಕನ್ನಡ ಪುಸ್ತಕದೊಳಗೆ ವಾಪಸ್ ಬಂದವು.

ಅದಕ್ಕಿಂತ ನನಗೆ ದೊಡ್ಡದು ಅನ್ನಿಸುವುದು ದರೋಜಿ ಈರಮ್ಮನವರ ವಿಷಯ. ಸಂಡೂರು ತಾಲ್ಲೂಕಿನ ದರೋಜಿಯ ಬುಡಗ ಜಂಗಮ ಸಮುದಾಯದ ಈರಮ್ಮ ಬುರ್ರಕಥೆ ಹೇಳುತ್ತಿದ್ದವರು. ಅಕ್ಷರ ಕಲಿತವರಲ್ಲ. ಆದರೆ ರಾತ್ರಿಯಿಡೀ ಹಾಡುವಷ್ಟು ಉದ್ದದ ಕಾವ್ಯಗಳು ಅವರ ನಾಲಿಗೆಯ ಮೇಲಿದ್ದವು. ಅವರು ಹಾಡಿದ್ದನ್ನು ಸಂಶೋಧಕರು ಬರೆದುಕೊಂಡರು, ಅದು ಪುಸ್ತಕವಾಯಿತು. ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು. ನಾಡೋಜ ಅಂದರೆ ಆ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟು. ಶಾಲೆಯ ಮೆಟ್ಟಿಲು ಹತ್ತದ ಅಲೆಮಾರಿ ಹೆಣ್ಣುಮಗಳನ್ನು ವಿಶ್ವವಿದ್ಯಾಲಯ ತನ್ನ ಗುರು ಅಂತ ಒಪ್ಪಿಕೊಂಡದ್ದು. 2014ರಲ್ಲಿ ಈರಮ್ಮ ತೀರಿಕೊಂಡಾಗ ನನಗೆ ನೆನಪಾದದ್ದು ನಮ್ಮಜ್ಜಿ. ಎಲ್ಲಾ ಅಜ್ಜಿಯರಿಗೂ ನಾಡೋಜ ಕೊಡಿ ಅಂತ ನಾನು ಕೇಳುತ್ತಿಲ್ಲ. ಹಾಡಿದವಳ ಹೆಸರಿರುವ ಒಂದು ಪುಸ್ತಕ, ಒಂದು ಕ್ಯಾಸೆಟ್ಟಿನ ನಕಲು ಮನೆಗೆ ಬಂದಿದ್ದರೆ ಸಾಕಿತ್ತು.

ಹಾಗಾದರೆ ಸಾಮಾಜಿಕ ಜವಾಬ್ದಾರಿ ಅಂತ ಈಗ ನಡೆಯುವುದೇನು? ಮುಖ್ಯವಾಗಿ ಶಿಬಿರಗಳು. ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ನಮ್ಮ ಎನ್ನೆಸ್ಸೆಸ್ಸು, ಗಾಂಧಿ ಶತಮಾನೋತ್ಸವದ ವರ್ಷ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ, 40,000 ವಿದ್ಯಾರ್ಥಿಗಳಿಂದ ಶುರುವಾಯಿತು. 2014ರಲ್ಲಿ ಉನ್ನತ ಭಾರತ ಅಭಿಯಾನ ಬಂತು. ಪ್ರತಿ ಉನ್ನತ ಶಿಕ್ಷಣ ಸಂಸ್ಥೆ ಐದು ಹಳ್ಳಿಗಳನ್ನು ದತ್ತು ತೆಗೆದುಕೊಳ್ಳಬೇಕು ಅಂತ ಹೇಳಿತು. ನಾನೂ ಎನ್ನೆಸ್ಸೆಸ್ಸಿನಲ್ಲಿದ್ದವನೇ. ಬೇರೆ ಊರಿನ ಚರಂಡಿ ಬಳಿದೆ, ಗುಡಿ ಮುಂದೆ ಕಲ್ಲು ಜೋಡಿಸಿದೆ, ಕೊನೆಯ ದಿನ ನಾಟಕ ಆಡಿದೆ. ಪೇಟೆ ಹುಡುಗರಿಗೆ ಹಳ್ಳಿ ಮನೆಯ ಊಟದ ರುಚಿ ಗೊತ್ತಾಯಿತು, ಜಾತಿ ಕೇಳದೆ ಒಟ್ಟಿಗೆ ಮಲಗಿದೆವು. ಇದು ನಮಗೆ ಆದ ಲಾಭ. ಊರಿಗೆ? ಮುಂದಿನ ಮಳೆಗೆ ಚರಂಡಿ ಮತ್ತೆ ಕಟ್ಟಿಕೊಂಡಿತು. ಮನೆ ಮನೆ ಸಮೀಕ್ಷೆ ಮಾಡಿ ಫಾರಂ ತುಂಬಿದೆವಲ್ಲ, ಅದರ ಫಲಿತಾಂಶ ಏನು ಅಂತ ಆ ಊರಿನವರಿಗೆ ನಾವು ತಿಳಿಸಲೇ ಇಲ್ಲ. ನೆನಪಿಸಿಕೊಂಡರೆ ನಾಚಿಕೆ ಆಗುತ್ತದೆ. ಅಜ್ಜಿಗೆ ಆ ಹುಡುಗ ಮಾಡಿದ್ದನ್ನೇ ನಾನು ಇನ್ಯಾರದೋ ಅಜ್ಜಿಗೆ ಮಾಡಿ ಬಂದಿದ್ದೆ.

"ದತ್ತು" ಅನ್ನುವ ಪದದ ಬಗ್ಗೆಯೇ ನನ್ನ ತಕರಾರು. ಊರು ಅನಾಥ ಮಗುವಲ್ಲ. ವಿಶ್ವವಿದ್ಯಾಲಯಕ್ಕೆ ಭೂಮಿ ಕೊಟ್ಟದ್ದು ಊರು, ತೆರಿಗೆ ಕೊಟ್ಟದ್ದು ಊರು, ಶಾಸನ, ಹಾಡು, ಬೀಜ, ಭಾಷೆ ಕೊಟ್ಟದ್ದು ಊರು. ಕೊಟ್ಟವರನ್ನೇ ದತ್ತು ತೆಗೆದುಕೊಳ್ಳುವುದು ಎಲ್ಲಿಯ ನ್ಯಾಯ!

ಇನ್ನೊಂದು ಕಡೆಯ ಮಾತನ್ನೂ ಹೇಳಬೇಕು. ವಿಶ್ವವಿದ್ಯಾಲಯಕ್ಕೆ ಜವಾಬ್ದಾರಿ ಇದೆ ಅನ್ನುವ ನಾವು, ಅದರ ಹೊಟ್ಟೆಗೆ ಏನು ಹಾಕುತ್ತಿದ್ದೇವೆ ಅಂತ ಕೇಳಿಕೊಳ್ಳಬೇಕಲ್ಲ? 2020ರ ಕೊನೆಯಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ಅನುದಾನ ಕಡಿತವಾಗಿ, ಸಂಶೋಧನಾ ವಿದ್ಯಾರ್ಥಿಗಳ ಶಿಷ್ಯವೇತನ ತಿಂಗಳುಗಟ್ಟಲೆ ನಿಂತು, ಕನ್ನಡ ವಿವಿ ಉಳಿಸಿ ಅಂತ ಚಳವಳಿಯೇ ನಡೆಯಿತು. 2024ರಲ್ಲಿ ಅದು ಕರೆಂಟ್ ಬಿಲ್ಲು ಕಟ್ಟುವುದಕ್ಕೂ ಪರದಾಡಿದ ಸುದ್ದಿ ಓದಿದೆವು. 2022ರಲ್ಲಿ ಸರ್ಕಾರ ಜಿಲ್ಲೆಗೊಂದರಂತೆ ಹೊಸ ವಿಶ್ವವಿದ್ಯಾಲಯ ಘೋಷಿಸಿತು. ಬಳ್ಳಾರಿಯದರಿಂದ ಒಡೆದು ಕೊಪ್ಪಳಕ್ಕೂ ಒಂದು ಬಂತು. ಮೂರು ವರ್ಷ ತುಂಬುವ ಮೊದಲೇ, 2025ರ ಫೆಬ್ರುವರಿಯಲ್ಲಿ, ಕೊಪ್ಪಳವೂ ಸೇರಿ ಒಂಬತ್ತನ್ನು ಮುಚ್ಚುವ ಮಾತು ಸರ್ಕಾರದ ಕಡೆಯಿಂದಲೇ ಬಂತು. ಬೋರ್ಡು ಹಾಕುವಾಗ ಇದ್ದ ಉತ್ಸಾಹ ಮೇಷ್ಟ್ರನ್ನು ನೇಮಿಸುವಾಗ ಇರಲಿಲ್ಲ. ವಿಶ್ವವಿದ್ಯಾಲಯದ ಬಾಗಿಲು ನಮ್ಮ ಹತ್ತಿರ ಬಂತು ಅಂತ ಮೇಲೆ ಸಂತೋಷಪಟ್ಟೆನಲ್ಲ, ಒಳಗೆ ಯಾರೂ ಇಲ್ಲದಿದ್ದರೆ ಬಾಗಿಲು ಹತ್ತಿರ ಇದ್ದು ಏನು ಪ್ರಯೋಜನ?

ಇದನ್ನೆಲ್ಲ ಓದುವಾಗ ಆ ಟೇಪ್ ರೆಕಾರ್ಡರ್ ಹುಡುಗನ ಮೇಲಿದ್ದ ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಅವನಿಗೂ ಶಿಷ್ಯವೇತನ ನಿಂತಿತ್ತೋ ಏನೋ. ಪ್ರಬಂಧ ಮುಗಿಸದೆ ಎಲ್ಲೋ ಗುಮಾಸ್ತನಾಗಿ ಸೇರಿದನೋ ಏನೋ. ನಮ್ಮೂರಿಗೆ ಮತ್ತೊಮ್ಮೆ ಬರಲು ಬಸ್ ಚಾರ್ಜಿಗೇ ಇರಲಿಲ್ಲವೋ ಏನೋ. ಅವನೂ ಯಾವುದೋ ಊರಿನ ಅಜ್ಜಿಯ ಮೊಮ್ಮಗನೇ ಆಗಿರಬೇಕು. ಮಾತಿಗೆ ತಪ್ಪಿದ್ದು ಅವನೊಬ್ಬನೇ ಅಲ್ಲ. ಒಯ್ದದ್ದನ್ನು ಹಿಂತಿರುಗಿಸುವುದೂ ಸಂಶೋಧನೆಯ ಭಾಗ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅದಕ್ಕೆ ದುಡ್ಡನ್ನೂ ಇಟ್ಟಿರಲಿಲ್ಲ.

ಹಾಗಾಗಿ ನನ್ನ ಬೇಡಿಕೆ ಬಹಳ ಸಣ್ಣದು. ಒಂದು ಊರಿನಿಂದ ಹಾಡು, ಮಣ್ಣು, ರಕ್ತದ ಮಾದರಿ, ಮನೆಗಣತಿ, ಏನೇ ತೆಗೆದುಕೊಂಡು ಹೋದರೂ, ಪದವಿ ಸಿಗುವ ಮೊದಲು ಆ ಊರಿಗೆ ಮತ್ತೊಮ್ಮೆ ಹೋಗಬೇಕು. ಕಟ್ಟೆಯ ಮೇಲೆ ಕೂತು ಏನು ತಿಳಿಯಿತು ಅಂತ ಕನ್ನಡದಲ್ಲಿ ಹೇಳಬೇಕು. ಒಂದು ಪ್ರತಿಯನ್ನು ಪಂಚಾಯ್ತಿ ಗ್ರಂಥಾಲಯದಲ್ಲಿ ಇಡಬೇಕು. ಹೋಗಿ ಬರುವ ಖರ್ಚನ್ನು ವಿಶ್ವವಿದ್ಯಾಲಯ ಕೊಡಬೇಕು, ವಿಶ್ವವಿದ್ಯಾಲಯಕ್ಕೆ ಸರ್ಕಾರ ಕೊಡಬೇಕು. ಹಳೆಯ ಕ್ಯಾಸೆಟ್ಟುಗಳನ್ನು ಕಪಾಟಿನಿಂದ ತೆಗೆದು, ಹಾಳಾಗುವ ಮೊದಲು ಡಿಜಿಟಲ್ ಮಾಡಿ, ಹಾಡಿದವರ ಊರಿಗೆ ಕೇಳಿಸಬೇಕು. ಕಣವಿಯವರ ಕಾಲದಲ್ಲಿ ತೆಳ್ಳಗಿನ ಪುಸ್ತಕ ಮಾಡಿದ ಕೆಲಸವನ್ನು ಇವತ್ತು ಒಂದು ಮೊಬೈಲು ಮಾಡಬಲ್ಲದು.

ಚೀಟಿಯನ್ನು ಮತ್ತೆ ಅದೇ ಅಡಿಕೆ ಚೀಲದಲ್ಲಿಟ್ಟು ಟ್ರಂಕು ಮುಚ್ಚಿದೆವು. ಅಮ್ಮ "ಎಸೀಬಾರ್ದೇನೋ ಅದನ್ನ, ಏನೂ ಕಾಣಂಗಿಲ್ಲ" ಅಂದಳು. ಇರಲಿ ಬಿಡವ್ವ ಅಂದೆ.

ನಿಮ್ಮ ಪೈಕಿ ಯಾರಾದರೂ ಜಾನಪದ ವಿಭಾಗಗಳಲ್ಲಿ ಕೆಲಸ ಮಾಡುವವರಿದ್ದರೆ, ಕಪಾಟಿನಲ್ಲಿ ಬಳ್ಳಾರಿ ಸೀಮೆಯ ಹಳೇ ಕ್ಯಾಸೆಟ್ಟು ಕಂಡರೆ, ಲೇಬಲ್ಲಿನ ಮೇಲೆ ಬಾದನಹಟ್ಟಿ ಅಂತ ಇದೆಯಾ ನೋಡಿ. ಇದ್ದರೆ ದಯವಿಟ್ಟು ತಿಳಿಸಿ. ನಾನೇ ಬಂದು ಕೇಳಿಸಿಕೊಂಡು ಹೋಗುತ್ತೇನೆ.